ಆ ಚಪ್ಪಾಳೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಎಷ್ಟು ವೇಗದಲ್ಲಿ ಸುತ್ತಬೇಕೆಂದು ಅವರು ಹೇಳಲಿಲ್ಲ. ಕಾಲ್ನಡಿಗೆಯನ್ನೂ ಎತ್ತಿನ ಗಾಡಿಯನ್ನೂ ಮೀರಿದ ವೇಗ ಕಾಣದ ಕಾಲದಲ್ಲಿ ಅದನ್ನು ಹೇಳುವ ಅಗತ್ಯವೂ ಇರಲಿಲ್ಲ. ಈಗ ಆ ಅಗತ್ಯ ಬಂದಿದೆ ಎಂದು ನನಗೆ ಅನ್ನಿಸುತ್ತಿದೆ.

ಕಳೆದ ತಿಂಗಳು ದೆಹಲಿಯ ನಮ್ಮ ಬಳಗದ ಸಭೆಯಲ್ಲಿ, ಹಿರಿಯ ಸದಸ್ಯರೂ ನನ್ನ ಆತ್ಮೀಯರೂ ಆದ ಗೆಳೆಯರೊಬ್ಬರು ತಮ್ಮ ಯೂರೋಪ್ ಪ್ರವಾಸದ ಕುರಿತು ಮಾತನಾಡಿದರು. ಮ್ಯೂನಿಕ್‌ನಲ್ಲಿ ಹಳದಿ ಬಣ್ಣದ ಸೂಪರ್‌ಕಾರ್ ಒಂದನ್ನು ಬಾಡಿಗೆಗೆ ಹಿಡಿದು ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್‌ಗಳನ್ನು ಹಾದು ಮೊನಾಕೊ ತಲುಪಿದ ಕಥೆ ಅದು. 9 ದಿನ, 6 ದೇಶ, 2,600 ಕಿಲೋಮೀಟರು. 70 ನಿಮಿಷಗಳ ಮಾತು ಮುಗಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಮನಸ್ಸಿನಲ್ಲಿ ಒಂದು ಕಸಿವಿಸಿ ಉಳಿಯಿತು. ನಾಲ್ಕಾರು ದಿನ ಕಳೆದರೂ ಹೋಗಲಿಲ್ಲ. ಅಂದಿನ ಚಪ್ಪಾಳೆಯಲ್ಲಿ ನನ್ನ ಪಾಲನ್ನು ಹಿಂದಕ್ಕೆ ಪಡೆಯುವುದಕ್ಕಾಗಿ ಈ ಬರಹ. ಇದನ್ನು ಗೆಳೆಯರಿಗೆ ಮೊದಲೇ ಕಳಿಸಿ ಓದಿಸಿದ್ದೇನೆ. "ಪ್ರಕಟಿಸಿ, ಆದರೆ ಉತ್ತರ ಬರೆಯುವ ಹಕ್ಕು ನನ್ನದು" ಎಂದಿದ್ದಾರೆ. ಅದು ಅವರ ದೊಡ್ಡತನ.

ಮೊದಲು ಏಳುವ ಆಕ್ಷೇಪವನ್ನು ನಾನೇ ಎತ್ತಿಬಿಡುತ್ತೇನೆ: ಕೈಗೆಟುಕದ ದ್ರಾಕ್ಷಿ ಹುಳಿ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮ್ಮಂಥವರಿಗೆ ನಾಲ್ಕು ವರ್ಷದ ಬ್ಲಾಕಿನಲ್ಲಿ ಎಲ್‌ಟಿಸಿ ಸಿಗುತ್ತದೆ. ಅದು ದೇಶದ ಗಡಿ ದಾಟುವುದಿಲ್ಲ. ಸ್ವಂತ ಖರ್ಚಿನಲ್ಲಿ ವಿದೇಶಕ್ಕೆ ಹೊರಟರೂ ಮೇಲಿನವರ ಅನುಮತಿಯ ಕಾಗದ ಕೈಯಲ್ಲಿರಬೇಕು. ಆ ಕಾರಿನ ಒಂದು ದಿನದ ಬಾಡಿಗೆ ನನ್ನ ಒಂದು ತಿಂಗಳ ಸಂಬಳದ ಆಸುಪಾಸಿನಲ್ಲಿದೆ ಎಂದು ಸಭೆಯಲ್ಲಿ ಕುಳಿತೇ ಲೆಕ್ಕ ಹಾಕಿದ್ದೂ ನಿಜ. ಹೊಟ್ಟೆಕಿಚ್ಚು ಇದೆ, ಒಪ್ಪಿಕೊಂಡೆ. ಆದರೆ ಹೊಟ್ಟೆಕಿಚ್ಚು ಪಟ್ಟವರು ಕೂಡಿದರೆಂಬ ಕಾರಣಕ್ಕೆ ಲೆಕ್ಕದ ಮೊತ್ತ ಬದಲಾಗುವುದಿಲ್ಲ. ಅವರ ಹಣ ಅವರ ದುಡಿಮೆಯದು; ಅದನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳಲು ನಾನು ಯಾರು? ನನ್ನ ತಕರಾರು ಎರಡೇ. ಒಂದು, ಅದನ್ನು ಪ್ರವಾಸವೆಂದು ಕರೆದದ್ದು. ಇನ್ನೊಂದು, ಎಲ್ಲರಿಗೂ ಸೇರಿದ ರಸ್ತೆಯನ್ನು ಆಟದ ಬಯಲೆಂದು ಎಣಿಸಿದ್ದನ್ನು ಸಾಹಿತ್ಯಾಸಕ್ತರೆನಿಸಿಕೊಂಡ ನಾವು ಎದ್ದು ನಿಂತು ಒಪ್ಪಿದ್ದು.

ಆ 70 ನಿಮಿಷಗಳಲ್ಲಿ ಏನು ಬಂತು, ಏನು ಬರಲಿಲ್ಲ ಎಂದು ನೆನೆಯೋಣ. ಎಂಜಿನ್ನಿನ ಅಶ್ವಶಕ್ತಿ ಬಂತು. ನಿಂತಲ್ಲಿಂದ 100 ಕಿಲೋಮೀಟರು ವೇಗಕ್ಕೆ ಏರಲು ಬೇಕಾದ ಸೆಕೆಂಡುಗಳು ಬಂದವು. ಜರ್ಮನಿಯ ಆಟೊಬಾನ್ ಮೇಲೆ 290 ಮುಟ್ಟಿದ ಮುಳ್ಳಿನ ವಿಡಿಯೊ ಎರಡು ಸಲ ಬಂತು. ಸ್ಟೆಲ್ವಿಯೊ ಕಣಿವೆದಾರಿಯ 48 ತಿರುವುಗಳು ಬಂದವು. ಬಾರದೇ ಇದ್ದದ್ದು ಮನುಷ್ಯರು. ಆರು ದೇಶಗಳಲ್ಲಿ ಒಬ್ಬ ರೈತ, ಒಬ್ಬ ಅಂಗಡಿಯಾಕೆ, ಬಸ್ಸಿಗೆ ಕಾದ ಒಬ್ಬ ಶಾಲಾ ಹುಡುಗ ನಮ್ಮ ಗೆಳೆಯರ ಕಣ್ಣಿಗೆ ಬಿದ್ದ ಗುರುತಿಲ್ಲ. ಚಿತ್ರಗಳಲ್ಲೆಲ್ಲ ಮುಂದೆ ಕಾರು, ಹಿಂದೆ ಪರ್ವತ. ಮುಂದೆ ಕಾರು, ಹಿಂದೆ ಸರೋವರ. ಮುಂದೆ ಕಾರು, ಹಿಂದೆ ಯಾವುದೋ ಇಗರ್ಜಿ. ಗುಡಿಗೆ ಹೋಗಿ, ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಫೋಟೊ ತೆಗೆದುಕೊಂಡು ಬಂದ ಹಾಗೆ.

ಮೋಟಾರು ವಾಹನವನ್ನೇ ನಾನು ಹಳಿಯುತ್ತಿಲ್ಲ. ಮೋಟಾರಿಗೂ ಪ್ರವಾಸ ಸಾಹಿತ್ಯಕ್ಕೂ ಒಳ್ಳೆಯ ನಂಟಿದೆ. 1908ರಲ್ಲಿ ಎಡಿತ್ ವಾರ್ಟನ್ ಫ್ರಾನ್ಸಿನ ಮೋಟಾರು ಪ್ರವಾಸದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದಳು. ರೈಲು ಪ್ರವಾಸಿಯನ್ನು ವೇಳಾಪಟ್ಟಿಗೆ ಕಟ್ಟಿಹಾಕಿತ್ತು. ಪ್ರತಿ ಊರನ್ನೂ ಅದರ ಕೊಳಕು ಸ್ಟೇಷನ್ನಿನ ಕಡೆಯಿಂದಲೇ ನೋಡಬೇಕಾಗಿತ್ತು. ಮೋಟಾರು ಈ ಕಟ್ಟು ಬಿಡಿಸಿತು, ಬೇಕಾದಲ್ಲಿ ನಿಲ್ಲುವ, ಬೇಕಾದ ಹಾದಿ ಹಿಡಿಯುವ ಸ್ವಾತಂತ್ರ್ಯ ಕೊಟ್ಟಿತು ಎಂಬುದು ಅವಳ ವಾದ. ಆ ವಾದ ಸರಿಯಾಗಿಯೇ ಇದೆ. ಅದೇ 1908ರಲ್ಲಿ ಇಂಗ್ಲೆಂಡಿನಲ್ಲಿ ಕೆನೆತ್ ಗ್ರಹಾಮನ ಮಕ್ಕಳ ಕಾದಂಬರಿ 'ದಿ ವಿಂಡ್ ಇನ್ ದ ವಿಲೋಸ್' ಬಂತು. ಅದರಲ್ಲಿ ಸಿರಿವಂತ ಕಪ್ಪೆರಾಯನಿಗೆ ಮೋಟಾರಿನ ಹುಚ್ಚು ಹಿಡಿದು, ಕಾರಿನ ಮೇಲೆ ಕಾರು ಜಜ್ಜಿ, ಕೊನೆಗೆ ಪರರ ಕಾರು ಕದ್ದು 20 ವರ್ಷಗಳ ಸಜೆಗೆ ಗುರಿಯಾಗುತ್ತಾನೆ. ಮರುವರ್ಷ, 1909ರ ಫೆಬ್ರವರಿ 20ರಂದು, ಇಟಲಿಯ ಕವಿ ಮರಿನೆಟ್ಟಿ ಪ್ಯಾರಿಸ್ಸಿನ 'ಲ ಫಿಗಾರೊ' ಪತ್ರಿಕೆಯಲ್ಲಿ ತನ್ನ ಫ್ಯೂಚರಿಸ್ಟ್ ಪ್ರಣಾಳಿಕೆ ಪ್ರಕಟಿಸಿ, ವೇಗವೇ ಹೊಸ ಸೌಂದರ್ಯವೆಂದು ಸಾರಿದ. ಅದೇ ಬರಹದಲ್ಲಿ ಅವನು ಯುದ್ಧವನ್ನೂ ಹಾಡಿ ಹೊಗಳಿದ ಎಂಬುದನ್ನು ಮರೆಯಬಾರದು. ಆ ಪ್ರಣಾಳಿಕೆ ಶುರುವಾಗುವುದೇ ಎದುರು ಬಂದ ಇಬ್ಬರು ಸೈಕಲ್ ಸವಾರರಿಂದಾಗಿ ಅವನ ಕಾರು ಚರಂಡಿಗೆ ಬಿದ್ದ ಕಥೆಯಿಂದ. ವೇಗದ ಆರಾಧಕನಿಗೆ ದಾರಿಯಲ್ಲಿ ಇನ್ನೊಬ್ಬರು ಎದುರಾಗುವುದೇ ಅಡಚಣೆ.

ವಾರ್ಟನ್ನಳ ಸ್ವಾತಂತ್ರ್ಯ, ಕಪ್ಪೆರಾಯನ ಹುಚ್ಚು, ಮರಿನೆಟ್ಟಿಯ ಆರಾಧನೆ: ಮೋಟಾರಿನ ಈ ಮೂರು ದಾರಿಗಳೂ ಒಂದೂವರೆ ವರ್ಷದೊಳಗೆ ತೆರೆದುಕೊಂಡವು. ಸೂಪರ್‌ಕಾರ್ ಮೊದಲನೆಯದರ ಹೆಸರು ಹೇಳಿಕೊಂಡು ಉಳಿದೆರಡರಲ್ಲಿ ಓಡುತ್ತದೆ. ಏಕೆಂದರೆ ವಾರ್ಟನ್ ಹೊಗಳಿದ ಸ್ವಾತಂತ್ರ್ಯವನ್ನು ಮೊದಲು ಕಸಿದುಕೊಳ್ಳುವುದೇ ಈ ಕಾರು. ಗೆಳೆಯರು ತಮಾಷೆಯಾಗಿ ಹೇಳಿದ ಸಂಗತಿಗಳನ್ನೇ ಜೋಡಿಸಿ ನೋಡಿ. ಕಾರಿನ ಹೊಟ್ಟೆ ನೆಲಕ್ಕೆ ಗೇಣಿಗಿಂತ ಹತ್ತಿರ. ಹಳ್ಳಿಯ ಕಲ್ಲುಹಾಸಿನ ಓಣಿಗೆ ಇಳಿಸುವಂತಿಲ್ಲ. ಸಾಮಾನಿಡುವ ಜಾಗದಲ್ಲಿ ಎರಡು ಸಣ್ಣ ಚೀಲ ಹಿಡಿದರೆ ಹೆಚ್ಚು. ಇಟಲಿಯ ಹಳೆಯ ಪೇಟೆಗಳಿಗೆ ಹೊರಗಿನ ವಾಹನ ನುಗ್ಗದಂತೆ ನಿರ್ಬಂಧ ಹಾಕಿ ಕ್ಯಾಮೆರಾ ಇಟ್ಟಿದ್ದಾರೆ. ಬಾಡಿಗೆಯವರು ದಿನಕ್ಕಿಷ್ಟೇ ಕಿಲೋಮೀಟರೆಂದು ಮಿತಿ ಹಾಕಿ, ಕಾರಿನಲ್ಲಿ ಜಾಡು ಹಿಡಿಯುವ ಯಂತ್ರ ಕೂರಿಸಿ, ದೊಡ್ಡ ಠೇವಣಿ ಹಿಡಿದಿಟ್ಟುಕೊಂಡಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಕಾರನ್ನು ಬಿಟ್ಟು ಹೋಗುವಂತಿಲ್ಲ. ಯಾರಾದರೂ ಗೀರಿದರೆ? ಹೀಗಾಗಿ ಕಾವಲಿರುವ ಗ್ಯಾರೇಜು ಇದ್ದಲ್ಲೇ ವಸತಿ, ಕಾರು ಕಾಣುವ ಕಿಟಕಿಯ ಪಕ್ಕದಲ್ಲೇ ಊಟ. ಕೋಮೊ ಸರೋವರದ ದಂಡೆಯಲ್ಲಿ ಅವರು ಮೂರು ತಾಸು ಇದ್ದರು. ಆ ಮೂರು ತಾಸೂ ಕಾರಿನಿಂದ ನೂರು ಹೆಜ್ಜೆ ಆಚೆ ಹೋಗಲಿಲ್ಲ. ರೈಲಿನ ವೇಳಾಪಟ್ಟಿಗಾದರೂ ಮುಂದಿನ ರೈಲು ಎಂಬ ಕರುಣೆಯಿತ್ತು. ಇಲ್ಲಿ ಪ್ರವಾಸಿಯೇ ತನ್ನ ವಾಹನದ ಕಾವಲುಗಾರನಾಗಿ, ದಿನಕ್ಕೊಂದು ಲಕ್ಷ ತೆತ್ತು ಆ ಚಾಕರಿ ಮಾಡಿ ಬಂದಿದ್ದಾನೆ.

ಇನ್ನು ಆ ರಸ್ತೆಗಳ ಮಾತು. ಸ್ಟೆಲ್ವಿಯೊ ಸಮುದ್ರಮಟ್ಟದಿಂದ 2,757 ಮೀಟರು ಎತ್ತರದಲ್ಲಿದೆ. ಅದನ್ನು ಕಟ್ಟಿದ್ದು ಮೋಜಿನ ಓಟಕ್ಕಲ್ಲ. ನೆಪೋಲಿಯನ್ನನ ಪತನದ ಬಳಿಕ ಲೊಂಬಾರ್ಡಿ ಆಸ್ಟ್ರಿಯಾದ ಕೈಸೇರಿತು. ಅದನ್ನು ಸಾಮ್ರಾಜ್ಯದ ಉಳಿದ ಭಾಗಕ್ಕೆ ಹೆಣೆಯಲು 1820ರಿಂದ 1825ರವರೆಗೆ ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ ಈ ದಾರಿ ಕಡಿಸಿದ. ಮೊದಲ ಮಹಾಯುದ್ಧದಲ್ಲಿ ಇದೇ ಎತ್ತರದ ಹಿಮದಲ್ಲಿ ಆಸ್ಟ್ರಿಯಾ ಮತ್ತು ಇಟಲಿಯ ಸೈನಿಕರು ವರ್ಷಗಟ್ಟಲೆ ಎದುರುಬದುರು ಕಾದರು. ನಮ್ಮ ಗೆಳೆಯರ ಮಾತಿನಲ್ಲಿ ದೊನೆಗಾನಿ ಇರಲಿಲ್ಲ, ಸೈನಿಕರೂ ಇರಲಿಲ್ಲ. ತಿರುವುಗಳ ಸಂಖ್ಯೆ ಮಾತ್ರ ಇತ್ತು. ಮುಂದಿನ ವರ್ಷ ರೊಮೇನಿಯಾದ ಟ್ರಾನ್ಸ್‌ಫಗರಶಾನ್‌ಗೆ ಹೋಗುವೆನೆಂದು ಅವರು ಸಾರಿದಾಗ ಸಭೆ ಇನ್ನೊಮ್ಮೆ ಹಿಗ್ಗಿತು. ಬ್ರಿಟಿಷ್ ದೂರದರ್ಶನದ ಕಾರು ಕಾರ್ಯಕ್ರಮವೊಂದು 2009ರಲ್ಲಿ ಆ ರಸ್ತೆಯನ್ನು ಹೊಗಳಿದ ಮೇಲೆ ಅದಕ್ಕೆ ಜಾತ್ರೆ ಸೇರುತ್ತಿದೆ. 1968ರಲ್ಲಿ ಸೋವಿಯತ್ ಪಡೆಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದನ್ನು ಕಂಡು ಬೆದರಿದ ಚೌಶೆಸ್ಕು, ತನ್ನ ಸೇನೆ ಬೆಟ್ಟ ದಾಟಲೆಂದು 1970ರಿಂದ 1974ರವರೆಗೆ ಸೈನಿಕರಿಂದಲೇ ಅದನ್ನು ಕಟ್ಟಿಸಿದ. ಸರ್ಕಾರಿ ಲೆಕ್ಕದಲ್ಲೇ 40 ಸೈನಿಕರು ಸತ್ತರು. ನಿಜವಾದ ಸಂಖ್ಯೆ ಇನ್ನೂ ಹೆಚ್ಚೆಂಬ ಮಾತು ಅಲ್ಲಿ ಇಂದಿಗೂ ಇದೆ. ಆ ಹಾದಿಯಲ್ಲಿ ಒಂದು ಕ್ಷಣ ನಿಂತು ಇಳಿಯದವರು ರೊಮೇನಿಯಾಕ್ಕೆ ಹೋಗಿ ನೋಡಿದ್ದೇನು?

ನಿಲ್ಲುವುದರ ಬೆಲೆ ನನಗೆ ಗೊತ್ತಾದದ್ದು ಒಂದು ಭಾನುವಾರ. 2018ರಲ್ಲಿ ಕಚೇರಿಯ ತರಬೇತಿಗೆಂದು ಜಿನೀವಾಕ್ಕೆ ಹೋಗಿದ್ದೆ. ಎಂ.ಎ. ತರಗತಿಯಲ್ಲಿ ಓದಿದ ವರ್ಡ್ಸ್‌ವರ್ತ್ ತಲೆಯಲ್ಲಿದ್ದ. 1790ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವನು ಗೆಳೆಯನೊಡನೆ ನಡೆದೇ ಆಲ್ಪ್ಸ್ ದಾಟಲು ಹೊರಟ. ನೆಪೋಲಿಯನ್ನನ ರಸ್ತೆ ಆಗಿನ್ನೂ ಆಗಿರಲಿಲ್ಲ. ಸಿಂಪ್ಲಾನ್ ಕಣಿವೆಯಲ್ಲಿ ಇಬ್ಬರೂ ದಾರಿ ತಪ್ಪಿ ಒಬ್ಬ ರೈತನನ್ನು ಕೇಳಿದರು. ಇನ್ನು ಹತ್ತುವುದೇನಿಲ್ಲ, ಇಳಿಯುವುದಷ್ಟೇ ಬಾಕಿ ಎಂದು ಅವನು ತಿಳಿಸಿದ. ಗೊತ್ತಾಗದಂತೆಯೇ ಅವರು ಆಲ್ಪ್ಸ್ ದಾಟಿಬಿಟ್ಟಿದ್ದರು! ಆ ನಿರಾಸೆಯೇ ಮುಂದೆ 'ದಿ ಪ್ರಿಲ್ಯೂಡ್' ಕಾವ್ಯದ ಆರನೆಯ ಭಾಗದಲ್ಲಿ ದೊಡ್ಡ ಕವಿತೆಯಾಯಿತು. ದಾರಿ ತಪ್ಪಬೇಕಿತ್ತು, ಕೇಳಬೇಕಿತ್ತು, ರೈತನೊಬ್ಬ ಉತ್ತರ ಹೇಳಬೇಕಿತ್ತು. 290ರ ವೇಗದಲ್ಲಿ ಇದಾವುದೂ ಸಾಧ್ಯವಿಲ್ಲ.

ನಾನು ಬ್ರಿಗ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಹಳದಿ ಬಣ್ಣದ ಅಂಚೆ ಬಸ್ಸು ಹಿಡಿದೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಹಾದಿಗಳಲ್ಲಿ ಈ ಬಸ್ಸುಗಳ ಹಾರನ್ನು ರೊಸ್ಸೀನಿಯ 'ವಿಲಿಯಂ ಟೆಲ್' ಸಂಗೀತದಿಂದ ಎತ್ತಿಕೊಂಡ ಮೂರು ಸ್ವರಗಳು. ಅಂಚೆದಾರಿಯೆಂದು ಗುರುತು ಹಾಕಿದ ಬೆಟ್ಟದ ರಸ್ತೆಗಳಲ್ಲಿ ಬಸ್ಸಿಗೇ ಮೊದಲ ಹಕ್ಕು. ಕಾರು ಎಷ್ಟೇ ದುಬಾರಿಯದಾಗಲಿ, ಬಸ್ ಚಾಲಕ ಹಿಂದೆ ಸರಿ ಎಂದು ಕೈ ತೋರಿಸಿದರೆ ಸರಿಯಬೇಕು. ನನ್ನ ಪಕ್ಕ ಒಬ್ಬ ಮುದುಕಿ ತರಕಾರಿ ಚೀಲದೊಂದಿಗೆ ಕುಳಿತಿದ್ದಳು. ಆಕೆಯ ಜರ್ಮನ್ ನನಗೆ ಬಾರದು, ನನ್ನ ಇಂಗ್ಲಿಷ್ ಆಕೆಗೆ ಬಾರದು. ದೂರದ ಒಂದು ಇಳಿಜಾರು ತೋರಿಸಿ ಆಕೆ ಏನೋ ಹೇಳಿದಳು. ಕೈಯನ್ನು ಮೇಲಿನಿಂದ ಕೆಳಗೆ ಬೀಸಿ, ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಬರೆದುಕೊಂಡಳು. ಹಿಮ ಜಾರಿ ಯಾರೋ ಹೋಗಿದ್ದಾರೆ ಎಂದಷ್ಟೇ ತಿಳಿಯಿತು. ಆಕೆ ಇಳಿಯುವಲ್ಲಿ ಚಾಲಕ ತಾನೇ ಇಳಿದು ಚೀಲ ಕೈಗೆ ಕೊಟ್ಟು ಬಂದ. ನನ್ನ ಆರು ದಿನಗಳ ಯೂರೋಪಿನಲ್ಲಿ ನನಗೆ ದಕ್ಕಿದ್ದು ಇಷ್ಟು. ಇದನ್ನು 70 ನಿಮಿಷ ಹೇಳಲಾಗದು, ಚಪ್ಪಾಳೆಯೂ ಬಾರದು. ಆದರೂ ನಾನು ಒಂದು ದೇಶಕ್ಕೆ ಹೋಗಿಬಂದೆ ಎನ್ನುವ ಧೈರ್ಯ ನನಗಿರುವುದು ಆ ಮುದುಕಿಯಿಂದ.

ಅಭಿರುಚಿಯ ಮಾತನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಂಥ ಮುದುಕಿಯರು ರಸ್ತೆ ದಾಟುತ್ತಿರುತ್ತಾರೆ ಎಂಬುದೇ ನನ್ನ ಎರಡನೆಯ ತಕರಾರು. 290 ಎಂದರೆ ಸೆಕೆಂಡಿಗೆ 80 ಮೀಟರು. ಮುಂದೇನೋ ಇದೆ ಎಂದು ಮಿದುಳು ಅರಿತು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. "ಆಟೊಬಾನ್‌ನಲ್ಲಿ ಅದು ಕಾನೂನುಬಾಹಿರವಲ್ಲ" ಎಂದರು ಗೆಳೆಯರು. ಹೌದು, ಕೆಲವು ಭಾಗಗಳಲ್ಲಿ ಮಿತಿಯಿಲ್ಲ. 130 ಎಂಬುದು ಅಲ್ಲಿ ಸಲಹೆ ಮಾತ್ರ. 2021ರಲ್ಲಿ ಬರ್ಲಿನ್ ಮತ್ತು ಹ್ಯಾನೋವರ್ ನಡುವೆ ಒಬ್ಬ ಕೋಟ್ಯಧಿಪತಿ ಬುಗಾಟಿಯನ್ನು 417 ಕಿಲೋಮೀಟರು ವೇಗದಲ್ಲಿ ಓಡಿಸಿದ. ತನಿಖೆ ನಡೆದು ಮೊಕದ್ದಮೆಯಿಲ್ಲದೆ ಮುಗಿಯಿತು. ಆದರೆ ಕಾನೂನು ಸುಮ್ಮನಿರುವ ಕಡೆಯೆಲ್ಲ ನೀತಿಯೂ ಸುಮ್ಮನಿರಬೇಕೆಂದಿಲ್ಲ. ಪಕ್ಕದ ದೇಶಗಳನ್ನು ನೋಡಿ. ಸ್ವಿಟ್ಜರ್ಲೆಂಡಿನಲ್ಲಿ 2013ರಿಂದ, 120ರ ಮಿತಿಯಿರುವ ಹೆದ್ದಾರಿಯಲ್ಲಿ 200 ಮುಟ್ಟಿದರೆ ಅದು ಜೈಲು ಶಿಕ್ಷೆಯವರೆಗೆ ಹೋಗಬಲ್ಲ ಅಪರಾಧ. ಆಸ್ಟ್ರಿಯಾ 2024ರ ಮಾರ್ಚಿನಿಂದ ವಿಪರೀತ ವೇಗದವರ ಕಾರನ್ನು ಜಪ್ತಿ ಮಾಡಿ ಹರಾಜು ಹಾಕಬಹುದು. ಫಿನ್ಲೆಂಡಿನಲ್ಲಿ ದಂಡ ಆದಾಯಕ್ಕೆ ತಕ್ಕಂತೆ. 2023ರಲ್ಲಿ 50ರ ಮಿತಿಯಲ್ಲಿ 82ರಲ್ಲಿ ಹೋದ ಶ್ರೀಮಂತನೊಬ್ಬ 1,21,000 ಯೂರೊ ತೆತ್ತ. ದಂಡವನ್ನು ಟಿಕೆಟ್ಟಿನ ಬೆಲೆಯೆಂದು ಎಣಿಸುವವರಿಗೆ ಆ ಪುಟ್ಟ ದೇಶ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು.

ಇದು ಬರೀ ಭಯದ ಮಾತಲ್ಲ. 1999ರಿಂದ ನಡೆಯುತ್ತಿರುವ 'ಗಂಬಾಲ್ 3000' ಎಂಬ ಸಿರಿವಂತರ ಕಾರು ಯಾತ್ರೆಯನ್ನು ಗೆಳೆಯರು ತಮ್ಮ ಪ್ರೇರಣೆಯೆಂದು ಹೆಸರಿಸಿದರು. ಅದು ಪಂದ್ಯವಲ್ಲ ಎಂದು ಅದರ ಸಂಘಟಕರು ಹೇಳುತ್ತ ಬಂದಿದ್ದಾರೆ. 2007ರ ಮೇ ತಿಂಗಳಲ್ಲಿ ಆ ಯಾತ್ರೆ ಮೆಸಿಡೋನಿಯಾವನ್ನು ಹಾದಾಗ, ಸ್ತ್ರೂಗಾ ಊರಿನ ಬಳಿ ಒಂದು ಪೋರ್ಷೆ, ಸ್ಥಳೀಯ ವೃದ್ಧ ದಂಪತಿಯ ಸಾಧಾರಣ ಗಾಲ್ಫ್ ಕಾರಿಗೆ ಬಡಿಯಿತು. ಗಂಡ ಸತ್ತ, ಬಳಿಕ ಹೆಂಡತಿಯೂ ಸತ್ತಳು. ಉಳಿದ ಯಾತ್ರೆ ಆ ವರ್ಷಕ್ಕೆ ರದ್ದಾಯಿತು. ಮರುವರ್ಷ ಮತ್ತೆ ಹೊರಟಿತು. ಆ ದಂಪತಿ ಯಾವ ಯಾತ್ರೆಗೂ ಹೊರಟವರಲ್ಲ. ತಮ್ಮ ಊರಿನ ರಸ್ತೆಯಲ್ಲಿ ತಮ್ಮ ಪಾಡಿಗೆ ಹೋಗುತ್ತಿದ್ದವರು. ನಮ್ಮ ಪ್ರವಾಸಕಥನದ ಹಿನ್ನೆಲೆ ಚಿತ್ರದಲ್ಲಿ ಮಸುಕಾಗಿ ಕಾಣುವ ಆ ಊರುಗಳಲ್ಲಿ ಇರುವವರು ಇಂಥವರೇ.

ಪುಣೆಯಲ್ಲಿರುವ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. 2024ರ ಮೇ 19ರ ನಸುಕಿನಲ್ಲಿ ಅಲ್ಲಿನ ಕಲ್ಯಾಣಿನಗರದಲ್ಲಿ, 17 ವರ್ಷದ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಒಂದು ಬೈಕಿಗೆ ಬಡಿದು ಇಬ್ಬರು ಯುವ ಎಂಜಿನಿಯರುಗಳು ಪ್ರಾಣ ಬಿಟ್ಟರು. ಪ್ರಕರಣದ ತೀರ್ಪು ನನ್ನ ಕೆಲಸವಲ್ಲ. ನನ್ನನ್ನು ಕಾಡುವುದು ಮೊದಲು ಕೊಟ್ಟ ಜಾಮೀನಿನ ಷರತ್ತುಗಳಲ್ಲೊಂದು: 300 ಪದಗಳ ಪ್ರಬಂಧ ಬರೆಯಬೇಕು. ದೇಶವೇ ಆ ಪ್ರಬಂಧವನ್ನು ಕೇಳಿ ಸಿಟ್ಟಾಯಿತು. ಆ ಆದೇಶ ಆಮೇಲೆ ಬದಲಾಯಿತು. ನಾವು ಪ್ರಬಂಧ ಬರೆಯುವವರು. ಎರಡು ಜೀವಗಳ ಎದುರು ಪ್ರಬಂಧ ಎಷ್ಟು ಹಗುರವೆಂದು ಜನ ತೂಗಿ ತೋರಿಸಿದ ಆ ದಿನ ನಮ್ಮ ಬಳಗದಲ್ಲೂ ಎಲ್ಲರೂ ಕೂಗಾಡಿದೆವು. ಅದೇ ನಾವು, ಕಳೆದ ತಿಂಗಳು, 290 ಮುಟ್ಟಿದ ಮುಳ್ಳಿಗೆ ಎದ್ದು ನಿಂತೆವು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದೂ ಅವರಲ್ಲಿ ಹತ್ತಕ್ಕೆ ಏಳು ಸಾವುಗಳಿಗೆ ಅತಿವೇಗವೇ ಕಾರಣವೆಂದೂ ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ವೇಗವನ್ನು ಹೊಗಳುವ ಸಭೆ ದೆಹಲಿಯಲ್ಲಿ ನಡೆದರೂ ಅಷ್ಟೇ, ಮ್ಯೂನಿಕ್‌ನಲ್ಲಿ ನಡೆದರೂ ಅಷ್ಟೇ. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮ ಮಕ್ಕಳಿಗೆ ಕೇಳಿಸಿದ್ದು ಚಪ್ಪಾಳೆ.

ಕನ್ನಡದಲ್ಲಿ ಯೂರೋಪಿಗೆ ಹೋಗಿ ಬಂದು ಬರೆದವರ ಒಂದು ಸಾಲೇ ಇದೆ. ಗೋಕಾಕರ 'ಸಮುದ್ರದಾಚೆಯಿಂದ' ಇದೆ, ಕಾರಂತರ 'ಅಪೂರ್ವ ಪಶ್ಚಿಮ' ಇದೆ. ಅವರು ಹಡಗು, ರೈಲು, ಬಸ್ಸುಗಳ ಕಾಲದವರು. ವೇಗ ಅವರಿಗೆ ಸಿಗಲಿಲ್ಲ, ಹಾಗಾಗಿ ನಿಧಾನಿಸಿದರು ಎಂದು ವಾದಿಸಬಹುದು. ಇರಲಿ. ಆದರೆ ಪರದೇಶವನ್ನು ನೋಡಿ ತಮ್ಮನ್ನು ತಾವು ಪ್ರಶ್ನಿಸಿಕೊಳ್ಳುವ ಅಭ್ಯಾಸವೊಂದನ್ನು ಅವರು ನಮಗೆ ಬಿಟ್ಟುಹೋದರು. ಊರು ಬಿಟ್ಟು ದೆಹಲಿ, ಮುಂಬೈ, ಚೆನ್ನೈಗಳಲ್ಲಿ ಬೇರು ಬಿಟ್ಟಿರುವ ನಮಗಂತೂ ಆ ಅಭ್ಯಾಸ ಹೊಸತಾಗಬಾರದು. ಪರಸ್ಥಳದಲ್ಲಿ ಇರುವುದೆಂದರೆ ಅಲ್ಲಿಯವರ ದಾರಿಯಲ್ಲಿ ಅವರಿಗೆ ಜಾಗ ಬಿಟ್ಟು ನಡೆಯುವುದು ಎಂದು ಇಷ್ಟು ವರ್ಷಗಳಲ್ಲಿ ನಾವು ಕಲಿತಿದ್ದೇವೆ. ಯೂರೋಪಿಗೆ ಹೋದ ಕೂಡಲೇ ಅದನ್ನು ಮರೆಯಬಹುದೆ?

ಗೆಳೆಯರ ಮೇಲಿನ ನನ್ನ ಪ್ರೀತಿ ಕುಂದಿಲ್ಲ. ಅವರ ಮನೆಯ ಯುಗಾದಿ ಊಟಕ್ಕೆ ಈ ವರ್ಷವೂ ಹೋಗುವವರಲ್ಲಿ ನಾನೊಬ್ಬ, ಕರೆದರೆ. ಅವರಲ್ಲಿ ಒಂದು ಕೋರಿಕೆಯಿದೆ. ರೊಮೇನಿಯಾಕ್ಕೆ ಹೋಗಿ, ಖಂಡಿತ ಹೋಗಿ. ನಾಲ್ಕು ಬಾಗಿಲಿನ, ಯಾರೂ ತಿರುಗಿ ನೋಡದ ಒಂದು ಕಾರು ಹಿಡಿಯಿರಿ. ಎಲ್ಲಿ ಬೇಕಾದರೂ ಬಿಟ್ಟು ಇಳಿಯಬಹುದಾದ ಕಾರು. ಆ ರಸ್ತೆ ಕಟ್ಟಿದ ಹುಡುಗರಲ್ಲಿ ಯಾರಾದರೂ ಬದುಕಿದ್ದರೆ ಈಗ ಎಪ್ಪತ್ತು ದಾಟಿರುತ್ತಾರೆ. ಬೆಟ್ಟದ ಕೆಳಗಿನ ಯಾವುದಾದರೂ ಊರಿನ ಕಟ್ಟೆಯ ಮೇಲೆ ಕುಳಿತಿರಲೂಬಹುದು. ಅವರನ್ನು ಮಾತನಾಡಿಸಿ ಬನ್ನಿ. ಬಂದು ಬಳಗಕ್ಕೆ ಹತ್ತೇ ನಿಮಿಷ ಹೇಳಿ. ಹಿಂದಕ್ಕೆ ಪಡೆದ ಚಪ್ಪಾಳೆಯನ್ನು ಅಂದಿಗೆಂದು ಇಟ್ಟುಕೊಂಡಿರುತ್ತೇನೆ.